ವಂಶವಾಹಿ ಅಂದ ಅಕ್ಕೋರು

ಅಕ್ಕೋರು ತೀರಿಕೊಂಡ ಮೇಲೆ ಬ್ಯಾಡಗಿಯ ನಮ್ಮ ಹೈಸ್ಕೂಲಿನಲ್ಲಿ ಒಂದು ಶ್ರದ್ಧಾಂಜಲಿ ಸಭೆ ಇಟ್ಟಿದ್ದೆವು. ಫೋಟೋಕ್ಕೆ ಹಾರ, ಮುಂದೆ ಊದುಬತ್ತಿ, ಗದ್ದಲ ಮಾಡಬಾರದೆಂದು ಮಕ್ಕಳಿಗೆ ತಾಕೀತು, ಎಲ್ಲ ಪದ್ಧತಿಯ ಪ್ರಕಾರ. ಆಗ ವೇದಿಕೆಯ ಮೇಲೆ ಒಬ್ಬರು ಎದ್ದು, ಗಂಟಲು ಸರಿಮಾಡಿಕೊಂಡು, ಆಕೆ ಕ್ಷಮಯಾ ಧರಿತ್ರಿ, ಭೂಮಿತಾಯಿಯಂಥ ಕ್ಷಮಾಗುಣ ಅವರದು ಎಂದರು. ನನಗೆ ಮೈಯೆಲ್ಲ ಉರಿಯಿತು. ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಅವರ ಪಕ್ಕದ ಕುರ್ಚಿಯಲ್ಲಿ ಕೂತವಳು ನಾನು, ಕನ್ನಡ ಕಲಿಸುವವಳು. ಆಕೆ ಯಾರನ್ನಾದರೂ ಕ್ಷಮಿಸಿದ್ದನ್ನು ಒಂದೇ ಒಂದು ಸಲವೂ ಕಂಡಿಲ್ಲ. ಹಾಗೆ ಹೇಳಿದವರಾದರೂ ಯಾರು? ರಾಣೇಬೆನ್ನೂರಿನ ಬೀಜದ ವ್ಯಾಪಾರಿ. ಅಕ್ಕೋರ ಬೀಗರಾಗಬೇಕಿದ್ದು ಆಗದೇ ಹೋದವರು. ಶಾಲೆಗೆ ಫ್ಯಾನು ಕೊಡಿಸಿದ್ದಾರೆಂದು ಅವರನ್ನು ಕರೆದು ವೇದಿಕೆಯಲ್ಲಿ ಕೂಡಿಸಿದ್ದರು. ಈ ಹೆಂಗಸಿನ ಬಗ್ಗೆ ಖರೇ ಏನಿತ್ತೋ ಅದನ್ನು ನಾನೇ ಬರೆಯಬೇಕೆಂದು ಅವತ್ತೇ ತೀರ್ಮಾನಿಸಿದೆ. ಹೆಸರು ಯಾರದೂ ಹಾಕುವುದಿಲ್ಲ. ಓದಬೇಕಾದವರಿಗೆ ತಮ್ಮ ಮುಖ ತಮಗೆ ಕಂಡರೆ ನನಗೆ ಅಷ್ಟು ಸಾಕು.

ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುವುದು. ನಾನೂ ಅಕ್ಕೋರೇ. ಆದರೆ ಬರೀ ಅಕ್ಕೋರು ಎಂದರೆ ಬ್ಯಾಡಗಿಯಲ್ಲಿ ಅವರೊಬ್ಬರೇ. ಜೀವಶಾಸ್ತ್ರ ಕಲಿಸುತ್ತಿದ್ದರು. ಗಿಡ್ಡ ಆಳು, ಗಟ್ಟಿ ಧ್ವನಿ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತುರುಬು. ಗಂಡ ಹೋದಾಗ ಮಗಳಿಗಿನ್ನೂ ನಡಿಗೆ ಬಂದಿರಲಿಲ್ಲವಂತೆ. ಅತ್ತೆಮನೆಯವರು ಹುಡುಗಿಯನ್ನು ಬಿಟ್ಟು ಹೋಗು ಎಂದರೆ, ಇವರು ಅವಳನ್ನು ಟೊಂಕದ ಮೇಲೆ ಎತ್ತಿಕೊಂಡು ಹೊರಬಿದ್ದವರು, ಆ ಮನೆಯ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರೆ ಎದುರಿನವರು ಹುಷಾರಾಗಬೇಕಿತ್ತು. ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಹಾಕಿಕೊಂಡ ಮೇಲೆ ಬರುವ ಮಾತು ಕಡ್ಡಿ ಮುರಿದಂತೆ ಇರುತ್ತಿತ್ತು.

ನಾನು ಹೊಸದಾಗಿ ಸೇರಿದಾಗ ಯಾವುದೋ ಪಾಲಕರ ಜೊತೆ ಜಗಳಾಡಿ, ಅತ್ತು, ಮೂಗು ಕೆಂಪು ಮಾಡಿಕೊಂಡು ಬಂದು ಕೂತಿದ್ದೆ. ಅವರು ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಮುಂದಿಟ್ಟರು. "ಕನ್ನಡಾ, ಸಿಟ್ಟು ಮಾಡಬಾರದವ್ವಾ. ಇಟ್ಕೋಬೇಕು," ಎಂದರು. ಅವರು ಎಲ್ಲರನ್ನೂ ಅವರವರ ವಿಷಯದ ಹೆಸರಿನಿಂದಲೇ ಕರೆಯುತ್ತಿದ್ದರು. ಗಣಿತ ಬಂತೇನು, ಇಂಗ್ಲೀಷು ಉಂಡಿತೇನು ಎಂದು. ಸಿಟ್ಟು ಇಟ್ಟುಕೊಳ್ಳುವುದೆಂದರೆ ಹೇಗೆ ಎಂದು ನಾನು ಕೇಳಿದ್ದಕ್ಕೆ, ಉಪ್ಪಿನಕಾಯಿ ಇಟ್ಟಂಗ, ಕೈ ಹಸಿ ಮಾಡದ ಇಟ್ಟರ ಕೆಡೂದಿಲ್ಲ ಎಂದು ನಕ್ಕರು.

ಅವರು ಇಟ್ಟುಕೊಂಡ ಸಿಟ್ಟಿನ ಕತೆಗಳನ್ನು ನಮ್ಮ ಶಾಲೆಯ ಗೋಡೆಗಳೂ ಹೇಳುತ್ತವೆ. ಹಿಂದಿನ ಹೆಡ್ ಮಾಸ್ತರರೊಬ್ಬರು, ತಪಾಸಣೆಗೆ ಸಾಹೇಬರು ಬಂದ ದಿನ, ಸಿಪಾಯಿ ಪಕ್ಕದಲ್ಲೇ ನಿಂತಿರುವಾಗ, ಎಲ್ಲರ ಮುಂದೆ ಇವರ ಕಡೆ ತಿರುಗಿ ಚಹಾ ಆಯಿತೇನು ಅಕ್ಕೋರೆ ಎಂದು ಕೇಳಿದರು. ಇವರು ಎದ್ದು ಹೋದರು. ಚಹಾ ಬಂತು, ಕಪ್ಪಿನಲ್ಲಲ್ಲ, ಲ್ಯಾಬಿನ ಗಾಜಿನ ಬೀಕರುಗಳಲ್ಲಿ. ಸಾಹೇಬರು ಅರ್ಧ ಕುಡಿದ ಮೇಲೆ, ಇದರಲ್ಲಿ ಮೊದಲು ಏನಿರುತ್ತಿತ್ತು ಎಂದು ವಿಚಾರಿಸಿದರು. ಕಪ್ಪೆ ಇರುತ್ತಿತ್ತು, ತೊಳೆದಿದ್ದೇವೆ ಎಂದು ಅಕ್ಕೋರು ಬಹಳ ವಿನಯದಿಂದ ಹೇಳಿದರು. ಅಲ್ಲಿಂದ ಮುಂದೆ ಆ ಹೆಡ್ ಮಾಸ್ತರರ ಕಾಲದಲ್ಲಿ ಯಾವ ಸಾಹೇಬರು ಬಂದರೂ ನಮ್ಮಲ್ಲಿ ಚಹಾ ಮುಟ್ಟಲಿಲ್ಲ.

ಎದುರುಮನೆಯಾಕೆ ಒಮ್ಮೆ, ಕಸ ಬೀಳುತ್ತದೆಂದು ಇವರ ಕರಿಬೇವಿನ ಗಿಡವನ್ನು ಇವರಿಲ್ಲದಾಗ ಕಡಿಸಿಹಾಕಿದಳು. ಅಕ್ಕೋರು ಜಗಳಕ್ಕೆ ಹೋಗಲೇ ಇಲ್ಲ. ಮುಂದಿನ ಮಳೆಗಾಲದಲ್ಲಿ ನರ್ಸರಿಯಿಂದ ಸಸಿ ತರಿಸಿ ಓಣಿಯ ಪ್ರತಿ ಮನೆಗೂ ಒಂದೊಂದು ಕೊಟ್ಟರು, ಆ ಒಂದು ಮನೆ ಬಿಟ್ಟು. ಈಗ ಆ ಓಣಿಯಲ್ಲಿ ಒಗ್ಗರಣೆ ಬಿದ್ದರೆ ಎಲ್ಲ ಮನೆಗಳೂ ಘಮ್ಮೆನ್ನುತ್ತವೆ. ಆಕೆ ಮಾತ್ರ ಇವತ್ತಿಗೂ ಸಂತೆಯಿಂದ ಕರಿಬೇವು ಕೊಂಡು ತರುತ್ತಾಳೆ.

ಇವೆಲ್ಲ ನಗುವ ಮಾತು. ಇನ್ನು ಮುಂದಿನದು ಹಾಗಲ್ಲ.

ಅಕ್ಕೋರಿಗೆ ಕನ್ನಡದ ಶಬ್ದಗಳೆಂದರೆ ಪ್ರಾಣ. ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕನ್ನಡದಲ್ಲೇ ತಿಳಿಯಬೇಕು ಎಂಬುದು ಅವರ ಹಟ. ಪ್ಯಾಂಕ್ರಿಯಾಸ್ ಎನ್ನಬಾರದು, ಮೇದೋಜೀರಕ ಗ್ರಂಥಿ ಎನ್ನಬೇಕು. ಜೀನ್ ಎನ್ನಬಾರದು, ವಂಶವಾಹಿ ಎನ್ನಬೇಕು. ಜೀನ್ ಅಂದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿ, ಕುದುರೆಗೆ ಹಾಕೂ ಜೀನ ಏನಪಾ ಅದು ಎಂದು ಕೇಳುತ್ತಿದ್ದರು. ಹಾಗೆಂದು ಬರೀ ಶಬ್ದ ಉರು ಹೊಡೆಸುವವರಲ್ಲ. ವಂಶವಾಹಿ ಪಾಠಕ್ಕೆ ಬುಡಸಮೇತ ಕಿತ್ತ ಒಂದು ಮೆಣಸಿನ ಗಿಡ ತರುತ್ತಿದ್ದರು. ಬ್ಯಾಡಗಿಯಲ್ಲಿ ಅದಕ್ಕೇನು ಬರವೇ? ಈ ಕಾಯಿಗೆ ಕೆಂಪು ಬಣ್ಣ ಕೊಡುವ ವಂಶವಾಹಿ ಎಲ್ಲಿದೆ ಎಂದು ಕೇಳುವರು. ಮಕ್ಕಳು ಕಾಯಿಯಲ್ಲಿ ಎನ್ನುವರು. ಬೇರಿನಲ್ಲೂ ಇದೆ, ಎಲೆಯಲ್ಲೂ ಇದೆ, ಕಾಂಡದಲ್ಲೂ ಇದೆ, ಆದರೂ ಬೇರು ಕೆಂಪಾಗುವುದಿಲ್ಲ ಯಾಕೆ ಎನ್ನುವರು. ಎಲ್ಲ ಕಡೆಯೂ ಎಲ್ಲವೂ ಇರುತ್ತದೆ, ಯಾವುದು ಎಲ್ಲಿ ಎಚ್ಚರಾಗಿದೆ, ಎಷ್ಟು ದುಡಿಯುತ್ತದೆ ಎಂಬುದೇ ಮುಖ್ಯ ಎಂದು ಆಮೇಲೆ ಬಿಡಿಸಿ ಹೇಳುವರು. ಬಾಗಿಲಲ್ಲಿ ನಿಂತು ಕೇಳಿದ ನನಗೇ ತಿಳಿದಿತ್ತು ಎಂದ ಮೇಲೆ ಯಾರಿಗಾದರೂ ತಿಳಿಯಬೇಕು.

ಮಗಳಿಗೆ ಹಾವೇರಿಯ ಬ್ಯಾಂಕೊಂದರಲ್ಲಿ ನೌಕರಿ ಸಿಕ್ಕಿತು. ಅಕ್ಕೋರು ನಿವೃತ್ತರಾದರು. ಸಂಬಂಧ ಬಂತು. ರಾಣೇಬೆನ್ನೂರಿನಲ್ಲಿ ಹಳೆಯ ಬೀಜದ ಅಂಗಡಿ, ಅಂಗಡಿಯ ಹಿಂದೆಯೇ ಮನೆ, ಒಬ್ಬ ಮಗ, ಒಬ್ಬಳು ಮಗಳು. ಹುಡುಗ ತಂದೆಯ ಜೊತೆ ಅಂಗಡಿ ನೋಡಿಕೊಳ್ಳುತ್ತಿದ್ದ, ನೋಡಲು ಲಕ್ಷಣ, ಮೆತ್ತಗೆ ಮಾತು. ಸಂಕ್ರಾಂತಿ ಮುಗಿದ ಮೇಲೆ ಹೆಣ್ಣಿನ ಉಡಿ ತುಂಬಿ, ಸಕ್ಕರೆ ಹಂಚಿ ಹೋದರು. ಮದುವೆ ದೀಪಾವಳಿ ಆದ ಮೇಲೆ ಎಂದು ಮಾತಾಯಿತು. ಹುಡುಗಿ ಫೋನು ಹಿಡಿದುಕೊಂಡು ಮಾಳಿಗೆ ಹತ್ತಿದರೆ ಇಳಿಯುತ್ತಿರಲಿಲ್ಲ. ಕೆಳಗೆ ಕೂತ ಅಕ್ಕೋರು ಚಪಾತಿ ಆರುತ್ತವೆ ಎಂದು ಕೂಗುವರು; ಮೊಗದಲ್ಲಿ ಮಾತ್ರ ಸಂತೋಷ ಕುಣಿಯುತ್ತಿತ್ತು.

ಹೋಳಿಯ ಸುಮಾರಿಗೆ ಅವರ ಕಣ್ಣು ಹಳದಿಯಾದವು. ನೋವಿಲ್ಲ, ಜ್ವರವಿಲ್ಲ, ಮೈ ತುರಿಕೆ ಮಾತ್ರ ವಿಪರೀತ. ರವಿಕೆಗಳೆಲ್ಲ ಸಡಿಲಾದವು. ಓಣಿಯವರು ಕಾಮಣಿ ಎಂದರು, ಸೊಪ್ಪಿನ ರಸ ಕೊಡುವವರ ವಿಳಾಸ ಹೇಳಿದರು. ಇವರು ಎಲ್ಲರಿಗೂ ಹೂಂ ಅಂದು ಹುಬ್ಬಳ್ಳಿಗೆ ಹೋದರು. ಸ್ಕ್ಯಾನಿನಲ್ಲಿ ಮೇದೋಜೀರಕ ಗ್ರಂಥಿಯ ತಲೆಯ ಭಾಗದಲ್ಲಿ ಗಂಟು ಸಿಕ್ಕಿತು. ದೊಡ್ಡ ಆಪರೇಷನ್ ಆಯಿತು.

ಅಲ್ಲಿಯ ಡಾಕ್ಟರು ತೆಗೆದ ಗಂಟಿನ ಒಂದು ಚೂರನ್ನು ಒಂದು ಪರೀಕ್ಷೆಗೆ ಕಳಿಸುತ್ತೇವೆ, ಒಪ್ಪಿಗೆಯೇ ಎಂದು ಕೇಳಿದ್ದರಂತೆ. ಗಂಟಿನೊಳಗೆ ಯಾವ ವಂಶವಾಹಿಗಳು ಜೋರಾಗಿ ಕೆಲಸ ಮಾಡುತ್ತಿವೆ, ಯಾವುವು ಸುಮ್ಮನಿವೆ ಎಂದು ನೋಡುವುದು. ಅಂಥದೇ ನಮೂನೆ ಇದ್ದ ಬೇರೆ ರೋಗಿಗಳಿಗೆ ಮುಂದೆ ಏನಾಯಿತು ಎಂಬುದರ ಜೊತೆ ತಾಳೆ ಹಾಕುವುದು. ರೋಗ ಲಗೂ ಮರಳುವ ಗುಂಪೋ, ತಡವಾಗಿ ಮರಳುವ ಗುಂಪೋ ಎಂದು ಅಂದಾಜು ಮಾಡುವುದು. ಅಕ್ಕೋರಿಗೆ ಕ್ಯಾನ್ಸರಿನ ದುಃಖಕ್ಕಿಂತ ಪಾಠ ಸಿಕ್ಕ ಖುಷಿಯೇ ಹೆಚ್ಚಾದಂತಿತ್ತು. ಫಲಿತಾಂಶ ನನಗೆ ಹೇಳಲೇಬೇಕು ಎಂದು ಡಾಕ್ಟರ ಬೆನ್ನು ಬಿದ್ದರು. ಕೊನೆಗೆ ಆತ ಹೇಳಿದರು. ಲಗೂ ಮರಳುವ ಗುಂಪು.

ಅವತ್ತು ನಾನು ಅವರ ಮಂಚದ ಪಕ್ಕ ಕೂತು ಅಳತೊಡಗಿದರೆ, ಅವರು ನನಗೇ ಸಮಾಧಾನ ಹೇಳಿದರು. "ಈ ಕ್ಲಾಸಿನ್ಯಾಗ ಭಾಳ ಮಂದಿ ನಪಾಸ ಆಗ್ತಾರ ಅನ್ನೂದು ಬ್ಯಾರೆ, ಇಂಥಾವನ ನಪಾಸ ಆಗ್ತಾನ ಅನ್ನೂದು ಬ್ಯಾರೆ. ಡಾಕ್ಟರು ಮೊದಲನೇದು ಹೇಳ್ಯಾರ. ಆದ್ರ ಕನ್ನಡಾ, ನಾ ದೀಪಾವಳಿಗೆ ಕಾಯೂದಿಲ್ಲ. ಮಗಳ ಮದಿವಿ ನೋಡೇ ಹೋಗಾಕಿ." ಅವರಿಗೆ ಉಳಿದಿದ್ದ ಒಂದೇ ಆಸೆ ಅದು. ಬೇರೆ ಯಾವುದಕ್ಕೂ ಅವರು ದೇವರ ಹತ್ತಿರ ಕೈಚಾಚಿದವರಲ್ಲ.

ಮದುವೆಯನ್ನು ಮುಂಚಿತವಾಗಿ ಮಾಡಲು ಕೇಳಿಕೊಳ್ಳಬೇಕೆಂದು ಬೀಗರನ್ನು ಕರೆಸಿದರು. ಗಂಡ ಹೆಂಡತಿ ಇಬ್ಬರೂ ಬಂದರು. ನಾನೇ ಚಹಾ ಮಾಡಿದೆ. ಯಾಕೆ ಅವಸರ ಎಂದು ಬೀಗಿತಿ ಕೇಳಿದಳು. ಬೇರೆಯವರಾಗಿದ್ದರೆ ಆರೋಗ್ಯ ಸರಿಯಿಲ್ಲ ನೋಡ್ರಿ ಎಂದು ಮುಗಿಸುತ್ತಿದ್ದರು. ಇವರು ಅಕ್ಕೋರು. ಸುಳ್ಳು ಹೇಳುವವರಲ್ಲ, ವಿಜ್ಞಾನದ ಮಾತಿಗೆ ಇಂಗ್ಲಿಷ್ ಶಬ್ದ ಬಳಸುವವರೂ ಅಲ್ಲ. ನೆಟ್ಟಗೆ ಕೂತು, ನನ್ನ ವಂಶವಾಹಿಗಳ ಪರೀಕ್ಷೆ ಮಾಡಿದ್ದಾರೆ, ಅವುಗಳ ಚಟುವಟಿಕೆ ನೋಡಿದರೆ ರೋಗ ಲಗೂ ಮರಳಿ ಬರುವ ಸಂಭವ ಹೆಚ್ಚು, ಅದಕ್ಕೆ ಅವಸರ ಎಂದರು.

ವಂಶ ಎಂಬ ಮೊದಲೆರಡು ಅಕ್ಷರದ ಆಚೆ ಬೀಗಿತಿ ಏನನ್ನೂ ಕೇಳಿಸಿಕೊಳ್ಳಲಿಲ್ಲ. ಬಟ್ಟಲು ಕೆಳಗಿಟ್ಟು, ವಂಶದಾಗ ಐತೇನ್ರಿ ಹಂಗಾರ ಎಂದಳು. ವಂಶ ಅಲ್ಲ, ವಂಶವಾಹಿ ಎಂದು ಅಕ್ಕೋರು ಪಾಠ ಶುರು ಮಾಡಿದರು. ಇದು ಗಂಟಿನ ಒಳಗಿನ ಚಟುವಟಿಕೆ, ಗಂಟಿನ ಜೊತೆಗೇ ಹುಟ್ಟಿದ್ದು, ಮಗಳಿಗೆ ಹೋಗುವಂಥದಲ್ಲ ಎಂದರು. ಬೇರು ಎಂದರು, ಎಲೆ ಎಂದರು, ಮೆಣಸಿನಕಾಯಿ ಎಂದರು. ಹೇಳಿದಷ್ಟೂ ಕೆಟ್ಟಿತು. ಒಂದೊಂದು ವಾಕ್ಯಕ್ಕೂ ವಂಶ ಎಂಬ ಶಬ್ದ ಬರುತ್ತಿತ್ತು, ಅದು ಬಂದಾಗಲೆಲ್ಲ ಬೀಗಿತಿ ಗಂಡನ ಮುಖ ನೋಡುತ್ತಿದ್ದಳು. ಬೀಜದ ವ್ಯಾಪಾರಿ ಕೈ ಎತ್ತಿ, "ತಿಳೀತ್ ಬಿಡ್ರಿ ಅಕ್ಕೋರ. ನಾವು ಬೀಜದವ್ರು, ನಮಗ ತಳಿ ಅಂದ್ರ ಗೊತ್ತೈತಿ," ಎಂದರು. ಇಡೀ ಜನ್ಮ ತಳಿ ತಳಿ ಎಂದು ಬೀಜದ ಪಾಕೀಟು ಮಾರಿದ ಮನುಷ್ಯನಿಗೆ ತಾಯಿ ಕೆಟ್ಟರೆ ಬೆಳೆ ಕೆಟ್ಟಂತೆ ಎಂಬುದು ಬಿಟ್ಟು ಬೇರೆ ತಿಳಿಯುವುದಾದರೂ ಹೇಗೆ?

ವಾರದೊಳಗೆ ಮಧ್ಯಸ್ಥರ ಮೂಲಕ ಮಾತು ಬಂತು, ಈ ಸಂಬಂಧ ಬೇಡ ಎಂದು. ಅಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತೇನೋ. ಬೀಗಿತಿ ರಾಣೇಬೆನ್ನೂರಿನ ಮನೆಮನೆಯಲ್ಲಿ ಅರಿಷಿಣ ಕುಂಕುಮಕ್ಕೆ ಹೋದಾಗೆಲ್ಲ, ಕ್ಯಾನ್ಸರ್ ಅವರ ವಂಶದಲ್ಲೇ ಇದೆಯಂತೆ, ಅಕ್ಕೋರೇ ಬಾಯಿಬಿಟ್ಟು ಹೇಳಿದ್ದಾರೆ ಎಂದು ಹೇಳುತ್ತ ನಡೆದಳು. ಅದು ಮೋಟೆಬೆನ್ನೂರು ದಾಟಿ ಬ್ಯಾಡಗಿಗೆ ಬಂತು, ಹಾವೇರಿಗೆ ಹೋಗಿ ಹುಡುಗಿಯ ಬ್ಯಾಂಕನ್ನೂ ಮುಟ್ಟಿತು. ಕೌಂಟರಿನ ಆಚೆ ನಿಂತ ಹೆಂಗಸೊಬ್ಬಳು, ನೀ ಅವರ ಮಗಳೇನವ್ವಾ ಎಂದು ಕೇಳಿ ಅಯ್ಯೋ ಪಾಪ ಎಂದಳಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮ ಜನಕ್ಕೆ ಹೊಸದೇನಲ್ಲ. ಆದರೆ ಈ ಬರೆಯನ್ನು ಅಕ್ಕೋರ ಬಾಯಿಂದಲೇ ಕಾಸಿ ತೆಗೆದಿದ್ದರಲ್ಲ, ಅದಕ್ಕೆ ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಈಗಲೂ ಆರಿಲ್ಲ.

ಇದಕ್ಕೊಂದು ಮದ್ದು ಮನೆಯಲ್ಲೇ ಇತ್ತು. ಕೆಲವು ಮನೆತನಗಳಲ್ಲಿ ಈ ರೋಗ ಪೀಳಿಗೆಯಿಂದ ಬರುವುದೂ ಉಂಟು ಎಂದು ಹುಬ್ಬಳ್ಳಿಯ ಡಾಕ್ಟರು ಅಕ್ಕೋರ ರಕ್ತವನ್ನು ಬೇರೆಯಾಗಿ ಪರೀಕ್ಷಿಸಿದ್ದರು. ಅಂಥದೇನೂ ಸಿಕ್ಕಿರಲಿಲ್ಲ. ಹುಡುಗ ಫೋನು ಮಾಡಿ, ಆ ಕಾಗದ ಒಮ್ಮೆ ಅವ್ವನಿಗೆ ತೋರಿಸಿದರೆ ಒಪ್ಪುತ್ತಾಳೆ ಎಂದನಂತೆ. ಮಗಳು ತಾಯಿಯ ಕೈಹಿಡಿದು ಕೇಳಿದಳು. ಅಕ್ಕೋರು ಕನ್ನಡಕ ಒರೆಸಿದರು. ಎತ್ತಿನ ಸಂತೆಯಲ್ಲಿ ಹಲ್ಲು ತೋರಿಸಿದಂತೆ ನನ್ನ ರಕ್ತ ತೋರಿಸುವುದಿಲ್ಲ ಎಂದರು. ಆಗ ಹುಡುಗಿ, "ನಿನ್ನ ಮರ್ಯಾದಿ ಉಳೀತೈತಿ ಅವ್ವಾ. ನನ್ನ ಮದಿವಿ?" ಎಂದಳು. ಅಕ್ಕೋರು ಕನ್ನಡಕ ಮತ್ತೆ ತೆಗೆದರು, ಆದರೆ ಒರೆಸಲಿಲ್ಲ.

ಕೆಲವು ದಿನ ಕಳೆದ ಮೇಲೆ, ರಾಣೇಬೆನ್ನೂರಿಗೆ ಹೋಗೋಣ ನಡಿ ಎಂದು ನನ್ನನ್ನು ಕರೆದರು. ಕೀಮೋ ಚಿಕಿತ್ಸೆ ನಡೆದಿತ್ತು, ನಿಂತರೆ ತೂರಾಡುತ್ತಿದ್ದರು. ಕಾಗದ ತೋರಿಸಲು ಹೊರಟಿದ್ದಾರೆಂದು ನಾನು ತಿಳಿದೆ. ಬಸ್ಸಿನಲ್ಲಿ ಬೇರೆಯೇ ಮಾತು ಹೇಳಿದರು. ಅವರ ಮೊದಲ ನೌಕರಿ ಐರಣಿಯ ಶಾಲೆಯಲ್ಲಿ. ಬೀಗಿತಿಯ ತವರು ಅದೇ ಊರು. ಬೀಗಿತಿಯ ಅಣ್ಣ ಆ ಶಾಲೆಯಲ್ಲೇ ಗುಮಾಸ್ತನಾಗಿದ್ದ. ಅವನು ಕಾಮಣಿಯಾಗಿ ಹೋದ. ಅದಕ್ಕೆ ಸ್ವಲ್ಪ ವರ್ಷ ಮೊದಲು ಅವರಪ್ಪನೂ ಹಾಗೆಯೇ ಹೋಗಿದ್ದ. ಹಳದಿ ಕಣ್ಣು, ನೋವಿಲ್ಲದ ಕಾಮಣಿ, ತುರಿಸಿ ತುರಿಸಿ ರಕ್ತ ಬಂದ ಮೈ, ತಿಂದದ್ದು ಹತ್ತದೆ ಕಡ್ಡಿಯಾದ ಆಳು. ತಮಗೂ ಹಾಗೇ ಆದಾಗ ಅಕ್ಕೋರಿಗೆ ಆ ಗುಮಾಸ್ತನ ಮುಖ ನೆನಪಾಗಿತ್ತು. ಅದು ಬರೀ ಕಾಮಣಿ ಆಗಿರಲಿಕ್ಕಿಲ್ಲ ಎಂದು ಈಗ ಅನಿಸುತ್ತದೆ ಎಂದರು.

ನನಗೆ ಕುಣಿಯುವಷ್ಟು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮುಂಗಾರಿನ ದಿನಗಳು, ಬೀಜದ ಅಂಗಡಿಯ ಮುಂದೆ ಸುತ್ತಲಿನ ಹಳ್ಳಿಗಳ ಮಂದಿ ಕಿಕ್ಕಿರಿದಿದ್ದರು, ಬೀಗಿತಿ ಒಳಬಾಗಿಲಲ್ಲಿ ನಿಂತಿದ್ದಳು. ಅಲ್ಲೇ ನಿಂತು, ಎಲ್ಲರೂ ಕೇಳುವ ಹಾಗೆ, ಇವರ ತವರಿನ ವಂಶ ವಿಚಾರಿಸಿದ್ದೀರೇನು ಎಂದು ಒಂದು ಮಾತು ಕೂಗಿದರೆ ಸಾಕಾಗಿತ್ತು. ಆ ಮನೆಗೆ ಹೆಣ್ಣು ಕೊಡುವವರೂ ಇರುತ್ತಿರಲಿಲ್ಲ, ಅಲ್ಲಿಂದ ಹೆಣ್ಣು ತರುವವರೂ ಇರುತ್ತಿರಲಿಲ್ಲ. ಕೂಗ್ರಿ ಎಂದು ನಾನು ಅವರ ಮೊಣಕೈ ತಿವಿದೆ. ಅವರು ನನ್ನ ಕೈ ಸರಿಸಿ, ಒಳಗೆ ಹೋಗೋಣ ನಡೆಯಿರಿ ಎಂದು ಬೀಗಿತಿಗೆ ಹೇಳಿದರು.

ಒಳಗೆ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತೆವು. ಅಕ್ಕೋರು ಕನ್ನಡಕ ಒರೆಸಿ ಹಾಕಿಕೊಂಡು, ನಿಮ್ಮಪ್ಪ ಏನಾಗಿ ತೀರಿದರು ಎಂದು ಕೇಳಿದರು. ಕಾಮಣಿ ಎಂದಳು. ಅಣ್ಣ? ಬೀಗಿತಿ ಎದ್ದು ಹೋಗಿ ಅಂಗಡಿಯ ಕಡೆಯ ಬಾಗಿಲು ಮುಚ್ಚಿದಳು.

"ನಾ ಕಣ್ಣಾರೆ ನೋಡೇನ್ರಿ ನಿಮ್ಮಣ್ಣನ್ನ," ಎಂದರು ಅಕ್ಕೋರು. "ನನಗೂ ಹಂಗ ಸುರು ಆತು. ಅವರಿಗೆ ಏನಾಗಿತ್ತು ಅಂತ ಆಗ ಯಾರೂ ನೋಡಲಿಲ್ಲ. ನನ್ನ ವಂಶದಾಗ ಐತಿ ಅಂತ ಊರತುಂಬ ಹೇಳಿದ್ರಿ. ನಂದು ಡಾಕ್ಟರು ನೋಡ್ಯಾರ, ಏನೂ ಸಿಕ್ಕಿಲ್ಲ. ನಿಮ್ಮದು ಇನ್ನೂ ಯಾರೂ ನೋಡಿಲ್ಲ."

ಬೀಗಿತಿಯ ಮುಖ ಸುಣ್ಣದಂತಾಯಿತು. ಸೆರಗು ಬಾಯಿಗೆ ಹಿಡಿದುಕೊಂಡು ಕೂತಳು. ಆಮೇಲೆ ಸರಕ್ಕನೆ ಅಕ್ಕೋರ ಕಾಲು ಹಿಡಿದಳು. ಇದನ್ನು ಹೊರಗೆ ಆಡಬೇಡಿ, ನನ್ನ ಮಗಳದೂ ಮದುವೆಯಾಗಬೇಕು ಎಂದಳು. ಬರುವ ವಾರವೇ ಅಕ್ಕಿಕಾಳು ಹಾಕಿ ಮದುವೆ ಮುಗಿಸೋಣ, ಖರ್ಚೆಲ್ಲ ನಮ್ಮದು, ನೀವು ಕುರ್ಚಿಯಲ್ಲಿ ಕೂತು ನೋಡಿದರೆ ಸಾಕು ಎಂದಳು.

ಕುರ್ಚಿಯಲ್ಲಿ ಕೂತು ನೋಡುವುದು. ಅಕ್ಕೋರಿಗೆ ಬೇಕಾಗಿದ್ದದ್ದು ಅಷ್ಟೇ, ಅದು ಕಾಲಬುಡದಲ್ಲಿ ಬಂದು ಬಿದ್ದಿತ್ತು. ಅವರು ಮೆಲ್ಲಗೆ ತಮ್ಮ ಕಾಲು ಹಿಂದಕ್ಕೆ ಎಳೆದುಕೊಂಡರು.

"ಅಂಜಿ ಹೆಣ್ಣು ತಗೊಂಡವ್ರು, ಅಂಜಿಕಿ ಹೋದ ಮರುದಿನ ಆ ಹೆಣ್ಣಿಗೆ ಏನ್ ಮಾಡ್ತೀರಿ ನನಗ ಗೊತ್ತೈತ್ರಿ," ಎಂದರು. "ಅವತ್ತ ನಾ ಇರೂದಿಲ್ಲ. ನನ್ನ ಮಗಳನ್ನ ನಿಮ್ಮ ಮನಿಗೆ ಕೊಡೂದಿಲ್ಲ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ, ಅಂಜಬ್ಯಾಡ್ರಿ. ಹುಬ್ಬಳ್ಳಿಗೆ ಹೋಗಿ ತೋರಸ್ರಿ. ಒಮ್ಮೆ ತೋರಿಸಿದ್ರ ಆಗೂದಿಲ್ಲ, ವರ್ಷಾ ವರ್ಷಾ ತೋರಸ್ರಿ."

ಹೊರಗೆ ಬಂದ ಮೇಲೆ ನಾನು ಬಾಯಿಗೆ ಬಂದಂತೆ ಬೈದೆ. ಮದುವೆಯೂ ಹೋಯಿತು, ಮಾನ ಕಳೆಯುವುದೂ ಆಗಲಿಲ್ಲ, ಇದೆಂಥ ಸೇಡು ಎಂದೆ. "ಅಂಗಡಿ ಮುಂದ ಕೂಗಿದ್ರ ನಾಕ್ ದಿನ ಅತ್ತು ಸುಮ್ಮನಾಗ್ತಿದ್ಲು," ಎಂದರು. "ಇನ್ನ ಮ್ಯಾಲ ಕನ್ನಡಿ ನೋಡಿದಾಗೆಲ್ಲ ಮೊದಲ ಕಣ್ಣು ನೋಡ್ಕೋತಾಳ, ಹಳದಿ ಆದವೇನು ಅಂತ." ರಾಣೇಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಕರಿಯುತ್ತಿದ್ದರು. ಎಣ್ಣೆಯದು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರೂ ಒಂದು ಮಿರ್ಚಿ ತೆಗೆದುಕೊಂಡು, ಊದಿ ಊದಿ, ಕಣ್ಣು ಮುಚ್ಚಿ ತಿಂದರು. ಮೋಟೆಬೆನ್ನೂರು ಬರುವಷ್ಟರಲ್ಲಿ ವಾಂತಿಯಾಯಿತು. ಆದರೂ ಆ ದಿನವಿಡೀ ಅವರ ಮೊಗದಲ್ಲಿ ಕಳೆ ಇತ್ತು. ಆಕೆಗೆ ಎಚ್ಚರಿಕೆ ಕೊಟ್ಟು ಉಪಕಾರ ಮಾಡಿ ಬಂದರು ಎಂದು ಯಾರಾದರೂ ಹೇಳಿದರೆ ಈ ಮಿರ್ಚಿಯ ಸಂಗತಿ ನೆನಪಿಡಲಿ. ಉಪಕಾರ ಮಾಡಿದವರು ಹಾಗೆ ಚಪ್ಪರಿಸುವುದಿಲ್ಲ.

ಮಗಳಿಗೆ ವಿಷಯ ಗೊತ್ತಾದಾಗ ಅವಳು ಕೂಗಾಡಲಿಲ್ಲ. ಬಟ್ಟೆ ತುಂಬಿಕೊಂಡು ಹಾವೇರಿಗೆ ಹೋಗಿ ಗೆಳತಿಯ ಕೋಣೆಯಲ್ಲಿ ಉಳಿದಳು, ತಾಯಿಗೆ ಫೋನೂ ಮಾಡಲಿಲ್ಲ. ಅಕ್ಕೋರು ಚಪಾತಿ ಮಾಡುವುದನ್ನೇ ಬಿಟ್ಟರು. ಅವರ ಸೇಡಿನ ಬೆಲೆ ಅದು, ಅದನ್ನು ಅವರೇ ತೆತ್ತರು, ನಾನು ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ಆ ಹುಡುಗ ಬ್ಯಾಂಕಿಗೇ ಬಂದು, ನಮ್ಮವ್ವ ಈಗ ಒಪ್ಪಿದ್ದಾಳೆ ಎಂದನಂತೆ. ಊರೆಲ್ಲ ನನ್ನ ರಕ್ತ ಕೆಟ್ಟದ್ದು ಎನ್ನುವಾಗ ನೀನು ಏನಂದೆ ಎಂದು ಇವಳು ಕೇಳಿದಳು. ಅವನು ಚಪ್ಪಲಿ ನೋಡಿಕೊಂಡು ನಿಂತ. ಆ ಸಂಜೆಯೇ ಅವಳು ಬ್ಯಾಡಗಿಯ ಬಸ್ಸು ಹತ್ತಿದಳು. ಬಾಗಿಲಲ್ಲಿ ನಿಂತ ಮಗಳಿಗೆ ಅಕ್ಕೋರು ಕೈಕಾಲು ತೊಳ್ಕೋ ಎಂದಷ್ಟೇ ಹೇಳಿ ಹಿಟ್ಟಿನ ಡಬ್ಬಿ ಕೆಳಗಿಳಿಸಿದರು.

ರೋಗ ಮರಳಿತು. ಪರೀಕ್ಷೆ ಹೇಳಿದ ಹಾಗೆಯೇ ಲಗೂ ಮರಳಿತು, ಈ ಸಲ ಯಕೃತ್ತಿಗೆ. ಹಾಸಿಗೆ ಹಿಡಿದ ಮೇಲೆ ಒಮ್ಮೆ ನನ್ನನ್ನು ಹತ್ತಿರ ಕರೆದು, "ಕನ್ನಡಾ, ವಂಶವಾಹಿಗೆ ಬ್ಯಾರೆ ಶಬ್ದ ಹುಡಕವ್ವಾ. ನಾ ಸುಮ್ಮನ ಜೀನ್ ಅಂದಿದ್ರ ಮದಿವಿ ಆಗಿ ಹೋಗಿರ್ತಿತ್ತು ನೋಡು," ಎಂದರು. ನಗಲು ಹೋಗಿ ಕೆಮ್ಮಿದರು. ನಾನು ಎಷ್ಟೋ ನಿಘಂಟು ತಿರುವಿದೆ, ಅವರಿಗೆ ಒಪ್ಪುವ ಶಬ್ದ ಸಿಗಲಿಲ್ಲ. ದೀಪಾವಳಿಯ ಹಿಂದುಮುಂದೆ ಅವರು ಹೋದರು, ಮಗಳ ತೊಡೆಯ ಮೇಲೆ ತಲೆಯಿಟ್ಟುಕೊಂಡು.

ಮರುವರ್ಷ ಮಗಳ ಮದುವೆಯಾಯಿತು. ಬ್ಯಾಂಕಿನಲ್ಲೇ ಕೆಲಸ ಮಾಡುವ ಹುಡುಗ, ಇಡೀ ಕತೆ ಗೊತ್ತಿದ್ದು ತಾನೇ ಮುಂದೆ ಬಂದವನು. ತಾಯಿ ನಿಲ್ಲಬೇಕಾದ ಜಾಗದಲ್ಲಿ ನನ್ನನ್ನು ನಿಲ್ಲಿಸಿದರು. ಅಕ್ಷತೆಯ ಹೊತ್ತಿಗೆ ಹುಡುಗಿ ತಲೆಯೆತ್ತಿ ನನ್ನನ್ನು ನೋಡಿ, ನಾನಲ್ಲ ನೋಡಬೇಕಾದವಳು ಎಂಬುದು ನೆನಪಾಗಿ ಕಣ್ಣು ಕೆಳಗೆ ಮಾಡಿದಳು. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಇದಾಗಿ ಕೆಲವು ತಿಂಗಳಿಗೆ, ಶಿಗ್ಗಾವಿಯಲ್ಲಿ ಪರಿಚಯದವರ ಮನೆ ಪ್ರವೇಶಕ್ಕೆಂದು ಹಾವೇರಿಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಆ ಬೀಗಿತಿ ಕೂತಿದ್ದಳು, ಒಬ್ಬಳೇ. ತೊಡೆಯ ಮೇಲೆ ಸೀರೆ ಅಂಗಡಿಯ ಚೀಲ, ಅದರೊಳಗಿಂದ ಆಸ್ಪತ್ರೆಯ ದೊಡ್ಡ ಸ್ಕ್ಯಾನ್ ಲಕೋಟೆ ಇಣುಕುತ್ತಿತ್ತು. ಬೇರೆ ಸೀಟುಗಳು ಖಾಲಿ ಇದ್ದವು. ನಾನು ಹೋಗಿ ಅವಳ ಪಕ್ಕದಲ್ಲೇ ಕೂತೆ. ಅವಳು ಚೀಲದ ಬಾಯಿ ಮಡಚಿದಳು. ಎಲ್ಲಿಗೆ ಹೊರಟಿರಿ ಎಂದು ಕೇಳಿದೆ. ನೆಂಟರ ಮನೆಗೆ ಎಂದಳು. ಬಂಕಾಪುರ ಬರುವಷ್ಟರಲ್ಲಿ ಅವಳು ಎರಡು ಸಲ ಕೈಗನ್ನಡಿ ತೆಗೆದಳು, ಎರಡು ಸಲವೂ ನನ್ನನ್ನು ನೋಡಿ ಒಳಗಿಟ್ಟಳು.

ಆಮೇಲೆ ಅವಳೇ, "ಮಗಳದು ಮದಿವಿ ಆತಂತಲ್ರಿ. ಛಲೋ ಆತ್ ಬಿಡ್ರಿ," ಎಂದಳು.

"ಆತ್ರಿ," ಎಂದೆ. "ಅವರವ್ವ ನೋಡಲಿಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ಶಿಗ್ಗಾವಿ ಬಂತು. ಕಂಡಕ್ಟರು ನನ್ನನ್ನು ನೋಡಿ, ಅಕ್ಕೋರ, ನಿಮ್ಮ ಊರು ಬಂತು ಇಳೀರಿ ಎಂದ. ಹುಬ್ಬಳ್ಳಿಗೆ ಇನ್ನೊಂದು ಟಿಕೆಟ್ ಹರಿ ಎಂದೆ. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ, ಅವನಿಗೂ ನಷ್ಟವಿಲ್ಲ, ನನಗೂ ಇಲ್ಲ. ಹುಬ್ಬಳ್ಳಿಯಲ್ಲಿ ನಿಮಗೇನು ಕೆಲಸ ಎಂದು ಬೀಗಿತಿ ಸಣ್ಣ ಧ್ವನಿಯಲ್ಲಿ ಕೇಳಿದಳು.

"ಏನಿಲ್ರಿ," ಎಂದೆ. "ದವಾಖಾನಿಗೆ ಒಬ್ಬರ ಯಾಕ ಹೋಗ್ತೀರಿ. ನಿಮ್ಮ ಜೋಡಿ ನಾ ಬರ್ತೇನಿ. ಈ ವರ್ಷಾನೂ ಬರ್ತೇನಿ, ಬರೂ ವರ್ಷಾನೂ ಬರ್ತೇನಿ."

ಅವಳು ಬೇಡ ಎನ್ನಲಿಲ್ಲ. ಎನ್ನುವ ಹಾಗಿರಲಿಲ್ಲ.